ಸೈಟು, ಮನೆ, ಮಳೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ಗ್ರೀನ್’ ಎಂಬ ಒಂದೇ ಪದದ ಸುತ್ತ ಇವೆ. ಗ್ರೀನ್ ಲೇಔಟ್, ಗ್ರೀನ್ ವಿಲ್ಲಾ, ಗ್ರೀನ್ ಹೋಮ್‌ಸ್ಟೇ. ಮೂವತ್ತು ವರ್ಷ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಸೈಟು ಅಳೆದು, ಪಾಯ ಹಾಕಿಸಿ, ಸೋರಿದ ಮನೆಗಳ ಮಾಲೀಕರಿಂದ ಬೈಸಿಕೊಂಡವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ಪ್ರಶ್ನೆ: ಸಾರ್, ನಮ್ಮ ಊರು ಭದ್ರಾವತಿ, ನಾನಿರುವುದು ಬೆಂಗಳೂರಿನಲ್ಲಿ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಶಿವಮೊಗ್ಗದ ಹೊರಗೆ ಒಂದು ಸೈಟು ಮಾಡಬೇಕು ಅಂತ ಅಪ್ಪನ ಆಸೆ. ನಾವು ನೋಡಿದ ಲೇಔಟಿನ ಬ್ರೋಷರಿನಲ್ಲಿ ‘ಪರಿಸರ ಸ್ನೇಹಿ ಗ್ರೀನ್ ಲೇಔಟ್’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಸೋಲಾರ್ ಬೀದಿದೀಪ, ಹುಲ್ಲುಹಾಸಿನ ಪಾರ್ಕು, ಮಳೆನೀರು ಕೊಯ್ಲು ಎಲ್ಲ ಇದೆಯಂತೆ. ಪಕ್ಕದ ಲೇಔಟಿಗಿಂತ ರೇಟು ಜಾಸ್ತಿ. ಕೊಡಬಹುದಾ?
— ಓದುಗರು, ಬೆಂಗಳೂರು

ಉತ್ತರ: ಯಾವ ತಿಂಗಳಲ್ಲಿ ಹೋಗಿ ನೋಡಿದಿರಿ ಎಂದು ನೀವು ಬರೆದಿಲ್ಲ. ಫೆಬ್ರುವರಿಯೋ ಮಾರ್ಚೋ ಇರಬೇಕು. ಸೈಟು ಮಾರುವವರು ಕರೆದುಕೊಂಡು ಹೋಗುವುದೇ ಆಗ. ಒಣಗಿದ ಕೆಂಪು ಮಣ್ಣು, ಸುಣ್ಣ ಬಳಿದ ಕಲ್ಲು, ಗೇಟಿನ ಹತ್ತಿರ ನಾಲ್ಕು ಅಲಂಕಾರದ ತಾಳೆ ಗಿಡ. ಆಗ ಎಲ್ಲ ಸೈಟೂ ಚೆನ್ನಾಗಿಯೇ ಕಾಣುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಪುನರ್ವಸು ಅಥವಾ ಪುಷ್ಯ ಮಳೆಯಲ್ಲಿ, ಅಂದರೆ ಜುಲೈನಲ್ಲಿ, ಒಮ್ಮೆ ಹೋಗಿ. ಛತ್ರಿ ಹಿಡಿದು ಲೇಔಟಿನ ಅತಿ ತಗ್ಗಿನ ಮೂಲೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಿವಮೊಗ್ಗದ ಅಂಚಿನಲ್ಲೇ ಒಂದು ಲೇಔಟಿಗೆ ಸೈಟ್ ಇಂಜಿನಿಯರ್ ಆಗಿದ್ದೆ. ಯಾರ ಲೇಔಟು ಎನ್ನುವುದು ಈಗ ಬೇಡ. ಜಮೀನಿನ ನಡುವೆ ಒಂದು ಹಳ್ಳ ಇತ್ತು. ಹನ್ನೆರಡು ಅಡಿ ಅಗಲ, ಮೂರು ಅಡಿ ಆಳ. ಬೇಸಿಗೆಯಲ್ಲಿ ಒಂದು ತೊಟ್ಟು ನೀರಿಲ್ಲ, ಬರೀ ಲಂಟಾನ ಪೊದೆ. ಮುಚ್ಚಿದರೆ ಏಳು ಸೈಟು ಜಾಸ್ತಿ ಸಿಗುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟವನು ನಾನೇ. ಎರಡು ಅಡಿ ವ್ಯಾಸದ ಹ್ಯೂಮ್ ಪೈಪ್, ಅಂದರೆ ಕಾಂಕ್ರೀಟ್ ಕೊಳವೆ, ಹಾಕಿ, ಮೇಲೆ ಮಣ್ಣು ತುಂಬಿಸಿ, ರೋಲರ್ ಓಡಿಸಿದೆವು. ಪಕ್ಕದ ಗದ್ದೆಯ ಅಜ್ಜಿಯೊಬ್ಬರು ಎಮ್ಮೆ ಹೊಡೆದುಕೊಂಡು ಬಂದವರು ನಿಂತು ನೋಡಿ, ‘ತಮಾ, ಪುಷ್ಯ ಮಳೆಗೆ ಇಲ್ಲಿ ಎಮ್ಮೆ ನಿಲ್ಲಲ್ಲ, ಗೊತ್ತಿತಾ?’ ಎಂದರು. ನಾನು ನಕ್ಕು ಸುಮ್ಮನಾದೆ. ಡಿಗ್ರಿ ನನ್ನ ಹತ್ತಿರ ಇತ್ತು, ಅಲ್ವಾ?

ಲೆಕ್ಕ ನೋಡಿ. ಹಳ್ಳದ ಬಾಯಿ 36 ಚದರ ಅಡಿ. ನಾನು ಹಾಕಿಸಿದ ಪೈಪಿನ ಬಾಯಿ ಬರೀ 3 ಚದರ ಅಡಿ. ಮೂರನೆಯ ಮಳೆಗಾಲದಲ್ಲಿ ಪೈಪಿಗೆ ಕಸ ಸಿಕ್ಕಿಕೊಂಡಿತು. ಆ ಏಳು ಸೈಟುಗಳಲ್ಲಿ ಅಷ್ಟರಲ್ಲಿ ನಾಲ್ಕು ಮನೆ ಎದ್ದಿದ್ದವು. ಬೆಳಗಿನ ಜಾವ ಒಂದು ಮನೆಯ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ತೇಲುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆ ಮನೆಯ ಯಜಮಾನರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ನಿಮ್ಮ ಲೇಔಟಿಗೆ ಬರೋಣ. ಬ್ರೋಷರ್ ಪಕ್ಕಕ್ಕಿಡಿ. ಸರ್ವೆ ನಂಬರ್ ಕೇಳಿ ತೆಗೆದುಕೊಂಡು ಗ್ರಾಮ ನಕ್ಷೆ ನೋಡಿ. ನಕ್ಷೆಯಲ್ಲಿ ಹಳ್ಳ, ಕೆರೆ, ದಾರಿ ಎಲ್ಲ ಗೆರೆ ಎಳೆದಿರುತ್ತಾರೆ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿದೆ, ಅದರಲ್ಲಿ ‘ಬಿ’ ಖರಾಬು ಇದೆಯಾ ಎಂದು ನೋಡಿ. ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ ಅದರಲ್ಲಿ ಬರುತ್ತದೆ. ಅದನ್ನು ಯಾರೂ ಸೈಟು ಮಾಡಿ ಮಾರುವಂತಿಲ್ಲ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಫೋನಿಗೆ ಹಾಕಿಕೊಂಡು ಜಾಗದಲ್ಲೇ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಅದೇ ತೋರಿಸುತ್ತದೆ.

ಆಮೇಲೆ ರೇರಾ, ಅಂದರೆ ಸೈಟು-ಮನೆ ಮಾರುವವರ ಮೇಲೆ ಕಣ್ಣಿಡುವ ರಿಯಲ್ ಎಸ್ಟೇಟ್ ಪ್ರಾಧಿಕಾರ. 2016ರ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಲೇಔಟು ನೋಂದಣಿಯಾಗದೆ ಮಾರುವಂತಿಲ್ಲ. ನೋಂದಣಿ ಸಂಖ್ಯೆ ಹಾಕಿದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಮಂಜೂರಾದ ನಕ್ಷೆ ಸಿಗುತ್ತದೆ. ಬ್ರೋಷರಿನ ಬಣ್ಣದ ನಕ್ಷೆಯನ್ನು ಅದರ ಪಕ್ಕ ಇಟ್ಟು ನೋಡಿ. ಪಾರ್ಕು ಎಂದು ಹಸಿರು ಬಳಿದ ಜಾಗ ಮಂಜೂರಾದ ನಕ್ಷೆಯಲ್ಲೂ ಪಾರ್ಕೇನಾ? ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನಲ್ಲಿ ಸುಳ್ಳು ಹೇಳಿ ದುಡ್ಡು ತೆಗೆದುಕೊಂಡಿದ್ದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಹಾಗಾಗಿ ಆ ಬ್ರೋಷರನ್ನು ಬಿಸಾಡಬೇಡಿ, ಫೈಲಿನಲ್ಲಿ ಇಟ್ಟುಕೊಳ್ಳಿ.

‘ಗ್ರೀನ್ ಸರ್ಟಿಫಿಕೇಟ್ ಇದೆ’ ಎಂದರೆ ಯಾರದ್ದು ಎಂದು ಕೇಳಿ. ನಮ್ಮಲ್ಲಿ ಹೆಸರಿರುವುದು ‘ಗೃಹ’ ಮತ್ತು ‘ಐಜಿಬಿಸಿ’ ಎಂಬ ಹಸಿರು ಕಟ್ಟಡ ರೇಟಿಂಗುಗಳಿಗೆ. ಅದರಲ್ಲೂ ಪ್ರೀ-ಸರ್ಟಿಫಿಕೇಟ್ ಅಂದರೆ ಕಾಗದದ ಮೇಲಿನ ಪ್ಲಾನಿಗೆ ಕೊಟ್ಟದ್ದು. ಕೆಲಸ ಮುಗಿದ ಮೇಲೆ ಕೊಡುವುದು ಬೇರೆ.

ಸೋಲಾರ್ ಬೀದಿದೀಪ ಕೆಟ್ಟದ್ದಲ್ಲ. ಬ್ಯಾಟರಿ ಹೋದ ಮೇಲೆ ಯಾರು ಹಾಕಿಸುತ್ತಾರೆ ಎನ್ನುವುದೇ ಪ್ರಶ್ನೆ. ಹೆಚ್ಚಿನ ರೇಟು ಕೊಡುವ ಮೊದಲು ಒಂದೇ ಮಾತು ಕೇಳಿ: ‘ಬಚ್ಚಲಿನ ನೀರು, ಕಕ್ಕಸಿನ ನೀರು ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ? ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ.’ ತೋರಿಸಿದರೆ ದುಡ್ಡು ಕೊಡಬಹುದು. ‘ಮುಂದೆ ಯುಜಿಡಿ (ಒಳಚರಂಡಿ) ಬರುತ್ತೆ ಸಾರ್’ ಎಂದರೆ ಆ ನೀರು ಮೊದಲು ಹಳ್ಳ, ಆಮೇಲೆ ತುಂಗೆ ಎಂದೇ ಅರ್ಥ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಗುಡ್ಡದ ಇಳಿಜಾರಿನ ಜಾಗ. ಹೋಮ್‌ಸ್ಟೇಗೆ ನಾಲ್ಕು ಕಾಟೇಜು ಕಟ್ಟಬೇಕು. ಹಿಟಾಚಿಯವರು ಎರಡು ದಿನದಲ್ಲಿ ಗುಡ್ಡ ಕಡಿದು ಮಟ್ಟ ಮಾಡಿಕೊಡುತ್ತೇವೆ ಎನ್ನುತ್ತಾರೆ. ಹಿಂದೆ ಇಪ್ಪತ್ತು ಅಡಿ ದರೆ (ಕಡಿದ ಮಣ್ಣಿನ ಗೋಡೆ) ನಿಲ್ಲುತ್ತದೆ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗಟ್ಟಿ ಇದೆ, ಏನೂ ಆಗಲ್ಲ ಅಂತಾರೆ. ಮನೆಯವಳಿಗೆ ಮಾತ್ರ ಹೆದರಿಕೆ.
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮನೆಯವರ ಮಾತು ಕೇಳಿ ಮಾರಾಯ್ರೇ.

ಜಂಬಿಟ್ಟಿಗೆ ಗಟ್ಟಿ ಇರುವುದು ಮೇಲಿನ ಪದರದಲ್ಲಿ. ಗಾಳಿ ಬಿಸಿಲು ತಾಗಿದಷ್ಟೂ ಅದು ಗಟ್ಟಿಯಾಗುತ್ತದೆ, ನಿಜ. ಅದರ ಕೆಳಗೆ ಏನಿದೆ? ಬಿಳಿ, ನಸುಗೆಂಪು, ಕೆಲವು ಕಡೆ ಹಳದಿ ಬಣ್ಣದ ಶೇಡಿ ಮಣ್ಣು. ಒಣಗಿದಾಗ ಪಿಕಾಸಿಗೂ ಬಗ್ಗುವುದಿಲ್ಲ. ಅದನ್ನೇ ಒಂದು ಹಿಡಿ ತೆಗೆದು ಬಕೆಟ್ ನೀರಿಗೆ ಹಾಕಿ ನೋಡಿ, ಬಿಸಿ ಹಾಲಿಗೆ ಹಾಕಿದ ಬಿಸ್ಕತ್ತಿನ ಹಾಗೆ ಕಳಚಿಕೊಳ್ಳುತ್ತದೆ. ಹಿಟಾಚಿ ಇಪ್ಪತ್ತು ಅಡಿ ಕಡಿದಾಗ ಜಂಬಿಟ್ಟಿಗೆಯ ಟೊಪ್ಪಿ ಮೇಲೆ ಉಳಿಯುತ್ತದೆ, ಶೇಡಿಯ ಹೊಟ್ಟೆ ಮಳೆಗೆ ತೆರೆದುಕೊಳ್ಳುತ್ತದೆ. ಹೊಟ್ಟೆ ಕರಗಿದ ಮೇಲೆ ಟೊಪ್ಪಿ ಎಲ್ಲಿ ನಿಲ್ಲಬೇಕು? ನಿಮ್ಮ ಕಾಟೇಜಿನ ಮೇಲೆ.

ಮಳೆ ಕುಡಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು ಎರಡು ಟನ್ ತೂಗುತ್ತದೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ. ನಿಮ್ಮ ಊರಲ್ಲಿ ಅದರ ಅರ್ಧವೇ ಬಂತು ಅಂದುಕೊಳ್ಳಿ, ಅದೇನು ಕಮ್ಮಿಯಾ? 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ, ಇಳಿಜಾರು ಕಡಿದು ಮನೆ, ರಸ್ತೆ ಮಾಡಿದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದರು.

ಹಾಗಾದರೆ ಕಟ್ಟಲೇಬಾರದಾ? ಕಟ್ಟಿ. ಗುಡ್ಡ ಮಟ್ಟ ಮಾಡಬೇಡಿ, ಮನೆಯನ್ನು ಇಳಿಜಾರಿಗೆ ಹೊಂದಿಸಿ. ನಾಲ್ಕು ಕಾಟೇಜು ಒಂದೇ ಮಟ್ಟದಲ್ಲಿ ಸಾಲಾಗಿ ಇರಬೇಕು ಎಂದು ಯಾರು ಹೇಳಿದರು? ಒಂದೊಂದನ್ನು ಒಂದೊಂದು ಮೆಟ್ಟಿಲಲ್ಲಿ ಕೂರಿಸಿ. ಹಿಂದಿನ ಅರ್ಧ ನೆಲದ ಮೇಲೆ, ಮುಂದಿನ ಅರ್ಧ ಕಂಬದ ಮೇಲೆ ನಿಂತರೆ ಐದಾರು ಅಡಿಗಿಂತ ಜಾಸ್ತಿ ಕಡಿಯುವ ಕೆಲಸ ಬೀಳುವುದಿಲ್ಲ. ಅಡಿಯಲ್ಲಿ ನೀರು ಹರಿದು ಹೋಗಲು ಜಾಗವೂ ಇರುತ್ತದೆ. ಗುಡ್ಡದ ಮೇಲಿನಿಂದ ಬರುವ ನೀರನ್ನು ಕಾಟೇಜಿಗೆ ಬರುವ ಮೊದಲೇ ಅಡ್ಡ ಅಗಳು ತೋಡಿ ಪಕ್ಕಕ್ಕೆ ತಿರುಗಿಸಿ. ಆ ಅಗಳಿಗೆ ಕಲ್ಲು ಕಟ್ಟಿಸಿ, ಇಲ್ಲದಿದ್ದರೆ ಅಲ್ಲೇ ನೀರು ಇಂಗಿ ದರೆಗೇ ಕುತ್ತು.

ತಡೆಗೋಡೆ ಕಟ್ಟುವುದಾದರೆ ನೀರು ಹೊರಗೆ ಬರಲು ಮೂರ್ನಾಲ್ಕು ಅಡಿಗೊಂದು ಪೈಪು ಇಡಿಸಿ, ಗೋಡೆ ಹಿಂದೆ ಜೆಲ್ಲಿ ತುಂಬಿಸಿ. ಮೇಸ್ತ್ರಿಗಳು ಪೈಪು ಇಡುತ್ತಾರೆ, ಆದರೆ ಹಿಂದೆ ಜೆಲ್ಲಿ ಬದಲು ಅಗೆದ ಮಣ್ಣನ್ನೇ ತಳ್ಳಿಬಿಡುತ್ತಾರೆ. ಆ ದಿನ ನೀವೇ ಎದುರಿಗೆ ನಿಂತಿರಿ. ದರೆಯ ಮುಖಕ್ಕೆ ಲಾವಂಚ ನೆಡಿಸಿ. ಬೇರು ಉದ್ದಕ್ಕೆ ಕೆಳಗಿಳಿದು ಮಣ್ಣು ಹಿಡಿಯುತ್ತದೆ.

ಮಳೆಗಾಲದಲ್ಲಿ ಆ ಜಾಗದಲ್ಲಿ ನೆಲದೊಳಗಿಂದ ಜಲ ಏಳುತ್ತದಾ ಎಂದೂ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಏಳುತ್ತದೆ ಎಂದಾದರೆ ಆ ಮೂಲೆಯಲ್ಲಿ ಏನನ್ನೂ ಕಟ್ಟಬೇಡಿ. ಇಂಗುಗುಂಡಿಯನ್ನಂತೂ ದರೆಯ ತಲೆಯ ಮೇಲೆ ತೋಡಲೇಬೇಡಿ. ನೀರು ಇಂಗಿಸುವುದು ಒಳ್ಳೆಯದು ಎಂದು ಎಲ್ಲ ಕಡೆ ಓದಿರುತ್ತೀರಿ. ಇಂಗಿಸಲು ಜಾಗ ಅದಲ್ಲ.

ಪ್ರಶ್ನೆ: ಮಲೆನಾಡಿನಲ್ಲಿ ಸೋಲಾರ್ ಹಾಕಿಸುವುದು ದಂಡವಾ?
— ಓದುಗರು, ಹೊಸನಗರ

ಉತ್ತರ: ದಂಡ ಅಲ್ಲ. ಬಿಸಿಲಿರುವ ತಿಂಗಳುಗಳಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಇಟ್ಟುಕೊಳ್ಳಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರದ ಸಹಾಯಧನ 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಅಥವಾ ಅದಕ್ಕೂ ಮೇಲಾದರೆ 78,000. ಮೆಸ್ಕಾಂಗೆ ವಿದ್ಯುತ್ ವಾಪಸು ಕೊಡುವ ಮೀಟರ್ ಹಾಕಿಸಿಕೊಳ್ಳಿ, ಬ್ಯಾಟರಿ ಗೋಜು ಬೇಡ. ಹಾಂ, ಹಾಗೆ ಮಾಡಿದರೆ ಕರೆಂಟು ಹೋದಾಗ ಸೋಲಾರೂ ನಿಲ್ಲುತ್ತದೆ. ಹೊಸನಗರದಲ್ಲಿ ಮಳೆಗಾಲಕ್ಕೆ ಕರೆಂಟು ಯಾವಾಗ ಇರುತ್ತದೆ ಎಂದು ನನ್ನನ್ನು ಕೇಳಬೇಡಿ. ಸ್ನಾನಕ್ಕೆ ಹಂಡೆ, ಅಡಿಕೆ ಸಿಪ್ಪೆ ಇದ್ದೇ ಇದೆಯಲ್ಲ.

ಪ್ರಶ್ನೆ: ಮನೆ ಕಟ್ಟಲು ಜಂಬಿಟ್ಟಿಗೆ ಒಳ್ಳೆಯದಾ, ಸಿಮೆಂಟ್ ಬ್ಲಾಕ್ ಒಳ್ಳೆಯದಾ? ಮಗ ಪರಿಸರ, ಪರಿಸರ ಅಂತ ಜಂಬಿಟ್ಟಿಗೆಯೇ ಆಗಬೇಕು ಎನ್ನುತ್ತಾನೆ. ನಮ್ಮ ಹಳೆಯ ಹೆಂಚಿನ ಮನೆ ಕೆಡವುತ್ತಿದ್ದೇವೆ.
— ಓದುಗರು (ವಯಸ್ಸು 68), ಸಾಗರ

ಉತ್ತರ: ಅಕ್ಕಾ, ನಿಮ್ಮ ಮಗನ ಮಾತು ಮುಕ್ಕಾಲು ಸರಿ. ಜಂಬಿಟ್ಟಿಗೆಯನ್ನು ಸುಡಬೇಕಿಲ್ಲ. ಇಟ್ಟಿಗೆ ಗೂಡಿಗೆ ಹೋಗುವ ಸೌದೆ ಉಳಿಯಿತು. ಸಿಮೆಂಟ್ ತಯಾರಿಸುವಾಗ ಸುಣ್ಣಕಲ್ಲನ್ನು ಸುಡುತ್ತಾರೆ, ಇಂಗಾಲದ ಡೈಆಕ್ಸೈಡ್ ಕಲ್ಲಿನೊಳಗಿನಿಂದಲೂ ಬರುತ್ತದೆ, ಒಲೆಯಿಂದಲೂ ಬರುತ್ತದೆ. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಮೇಲೆ. ಉಳಿದ ಕಾಲು ಭಾಗ ಏನೆಂದರೆ, ಜಂಬಿಟ್ಟಿಗೆ ಎಲ್ಲಿಂದ ಬರುತ್ತದೆ ಎನ್ನುವುದು. ಗುಡ್ಡ ಕೊಯ್ದು ಹಾಗೇ ಬಿಟ್ಟುಹೋದ ಹೊಂಡಗಳನ್ನು ಸಾಗರ, ಹೊಸನಗರದ ಕಡೆ ನೀವೂ ನೋಡಿರುತ್ತೀರಿ. ಪರ್ಮಿಟ್ ಇರುವ ಕ್ವಾರಿಯ ಕಲ್ಲೇ ತರಿಸಿ, ಹತ್ತಿರದ್ದೇ ತರಿಸಿ. ನೂರು ಕಿಲೋಮೀಟರ್ ಲಾರಿಯಲ್ಲಿ ಬಂದರೆ ಲಾಭವೆಲ್ಲ ಡೀಸೆಲ್ಲಿಗೆ ಹೋಯಿತು.

ನಿಮ್ಮ ಪತ್ರದಲ್ಲಿ ನನಗೆ ಕಣ್ಣು ಹೋದದ್ದು ಕೊನೆಯ ಸಾಲಿಗೆ. ಹಳೆಯ ಮನೆ ಕೆಡವುತ್ತಿದ್ದೀರಿ. ಅದರ ಸಾಮಾನು ಏನು ಮಾಡುತ್ತೀರಿ? ಮೂರು ತಲೆಮಾರು ಹೊಗೆ ಕುಡಿದ ತೊಲೆ, ಕಂಬ, ಬಾಗಿಲು ಇರುತ್ತದೆ. ಗುಜರಿಯವರು ‘ಎಲ್ಲಾ ಸೇರಿ ಇಷ್ಟು’ ಎಂದು ಒಂದು ರೇಟು ಹೇಳುತ್ತಾರೆ, ಅದೇ ಬಾಗಿಲು ಬೆಂಗಳೂರಿನ ರೆಸಾರ್ಟಿನಲ್ಲಿ ಹತ್ತು ಪಟ್ಟಿಗೆ ನಿಲ್ಲುತ್ತದೆ. ಒಂದೊಂದನ್ನೂ ಅಳೆದು ಬರೆದಿಟ್ಟುಕೊಂಡು ಇಂಜಿನಿಯರಿಗೆ ಕೊಡಿ, ಆ ಅಳತೆಗೆ ತಕ್ಕ ಹಾಗೆ ಹೊಸ ಮನೆಯ ಪ್ಲಾನ್ ಮಾಡಲಿ. ಹೆಂಚನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿ. ಟಣ್ ಎಂದರೆ ಇಟ್ಟುಕೊಳ್ಳಿ, ಡಬ್ ಎಂದರೆ ಒಡೆದು ಪಾಯಕ್ಕೆ ಹಾಕಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆ ಕಾಲದ ಮಂಗಳೂರು ಹೆಂಚು ಇವತ್ತೂ ಟಣ್ ಎನ್ನುವುದನ್ನು ನಾನು ಕೇಳಿದ್ದೇನೆ.

ಮನೆ ಕೆಡವಿದ ಮಣ್ಣಿನ ಗೋಡೆಯನ್ನೂ ಎಸೆಯಬೇಡಿ. ಜರಡಿ ಹಿಡಿದು ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದರೆ ಒಳಗೋಡೆಗೆ ಬ್ಲಾಕು ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಇದಕ್ಕೆಂದೇ ಕೈಯಲ್ಲಿ ಒತ್ತುವ ‘ಮರ್ದಿನಿ’ ಯಂತ್ರ ಮಾಡಿದ್ದರು. ಮಣ್ಣು ನೋಡಿ ಮರಳು ಎಷ್ಟು ಸೇರಿಸಬೇಕು ಎಂದು ತಿಳಿದವರನ್ನು ಮೊದಲು ಕೇಳಿ. ಜೇಡಿ ಜಾಸ್ತಿಯಿದ್ದರೆ ಬಿರುಕು ಬಿಡುತ್ತದೆ.

ಕೊನೆಯದಾಗಿ, ಮಾಡಿಗೆ ಸೂರು ಮೂರು ಅಡಿಯಾದರೂ ಮುಂದೆ ಬರಲಿ. ನಿಮ್ಮ ಅತ್ತೆಯ ಕಾಲದಲ್ಲಿ ಮಳೆ ಬಡಿಯುವ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದರಲ್ಲ, ಸುಮ್ನೆ ಅಲ್ಲ. ಈಗ ಎಲ್ಲರೂ ಬೆಂಗಳೂರಿನ ಹಾಗೆ ಚಪ್ಪಟೆ ಆರ್‌ಸಿಸಿ ಹಾಕುತ್ತಾರೆ, ಎರಡು ಮಳೆಗಾಲ ಸೋರಿದ ಮೇಲೆ ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡು! ಸಿಮೆಂಟೂ ಹೋಯಿತು, ಕಬ್ಬಿಣವೂ ಹೋಯಿತು. ನಾನೇ ಅಂಥದ್ದು ಎಷ್ಟೋ ಮಾಡಿಸಿಕೊಟ್ಟಿದ್ದೇನೆ, ಕೇಳಿದವರಿಗೆ ಇಲ್ಲ ಎನ್ನುವ ಧೈರ್ಯ ಇರಲಿಲ್ಲ.

ಪ್ರಶ್ನೆ: ನಾನು ರೈತ. ಊರ ಹತ್ತಿರದ 3 ಎಕರೆ ಗದ್ದೆಯನ್ನು ಲೇಔಟ್ ಮಾಡುತ್ತಿದ್ದೇನೆ. ಗದ್ದೆ ಕೆಲಸಕ್ಕೆ ಜನ ಇಲ್ಲ, ಮಕ್ಕಳು ವಾಪಸು ಬರುವುದಿಲ್ಲ. ಊರಿನ ಕೆಲವರು ನನ್ನನ್ನು ಪರಿಸರ ಹಾಳು ಮಾಡುವವನು ಎನ್ನುತ್ತಿದ್ದಾರೆ. ಏನು ಮಾಡಿದರೆ ಹಾನಿ ಕಮ್ಮಿ?
— ಹೆಸರು ಬೇಡ, ಶಿಕಾರಿಪುರ ರಸ್ತೆ

ಉತ್ತರ: ಬೈಯುವವರ ಪೈಕಿ ಎಷ್ಟು ಜನ ಗದ್ದೆ ನೆಟ್ಟಿ ಮಾಡಿಸುತ್ತಿದ್ದಾರೆ ಎಂದು ನೋಡಿ, ಆಮೇಲೆ ಬೇಜಾರು ಮಾಡಿಕೊಳ್ಳಿ. ಕೊನೆಗೆ ಕೇಳಿದ್ದೀರಲ್ಲ, ಅದಕ್ಕೆ ನನ್ನ ಮೆಚ್ಚುಗೆ ಇದೆ. ಲೇಔಟ್ ಮಾಡುವ ಯಾರೂ ಈವರೆಗೆ ನನ್ನನ್ನು ಈ ಪ್ರಶ್ನೆ ಕೇಳಿಲ್ಲ.

ಮೊದಲು ನಿಮ್ಮ ಗದ್ದೆ ಏನು ಕೆಲಸ ಮಾಡುತ್ತಿತ್ತು ನೋಡೋಣ. ಬದುವಿನೊಳಗೆ ನಾಲ್ಕು ಇಂಚು ನೀರು ನಿಂತರೆ ಒಂದು ಎಕರೆಗೆ ಸುಮಾರು 4 ಲಕ್ಷ ಲೀಟರ್. ಮೂರು ಎಕರೆಗೆ 12 ಲಕ್ಷ. ಜೋರು ಮಳೆ ಬಂದ ದಿನ ಅಷ್ಟನ್ನು ಹಿಡಿದಿಟ್ಟು ನಿಧಾನ ಬಿಡುತ್ತಿತ್ತು. ನಾಳೆ ಅಲ್ಲಿ ಕಾಂಕ್ರೀಟ್ ರಸ್ತೆ, ತಾರಸಿ ಆದ ಮೇಲೆ ಅಷ್ಟೂ ನೀರು ಒಂದೇ ಸಲ ಕೆಳಗಿನವರ ತೋಟಕ್ಕೆ ನುಗ್ಗುತ್ತದೆ. ಜಗಳ ಶುರುವಾಗುವುದೇ ಅಲ್ಲಿಂದ.

ಅದಕ್ಕೆ, ಪಾರ್ಕಿಗೆಂದು ಹೇಗೂ ಜಾಗ ಬಿಡಲೇಬೇಕು. ಎಲ್ಲರೂ ಮಾರಾಟವಾಗದ ಸೊಟ್ಟ ಮೂಲೆಯನ್ನು ಬಿಡುತ್ತಾರೆ. ನೀವು ಅತಿ ತಗ್ಗಿನ ಗದ್ದೆಯನ್ನೇ ಬಿಡಿ. ಬದು ಒಡೆಯಬೇಡಿ, ಇನ್ನೆರಡು ಅಡಿ ಏರಿಸಿ, ನೀರು ಉಕ್ಕಿ ಹೋಗಲು ಕಲ್ಲಿನ ತೂಬು ಇಡಿ. ಮಳೆಗಾಲಕ್ಕೆ ಕೆರೆ, ಬೇಸಿಗೆಗೆ ಮಕ್ಕಳ ಕ್ರಿಕೆಟ್ ಮೈದಾನ. ನಕ್ಷೆ ಮಂಜೂರಾತಿಗೆ ಕೊಡುವ ಮೊದಲೇ ಇದನ್ನು ಹಾಕಿಸಿ, ಆಮೇಲೆ ಬದಲಿಸುವುದು ತಲೆನೋವು.

ರಸ್ತೆಯನ್ನು ಹಳೆಯ ಬದುವಿನ ಗುಂಟ ಎಳೆಯಲು ಸರ್ವೆಯವರಿಗೆ ಹೇಳಿ. ಚೌಕಾಕಾರ ಬರುವುದಿಲ್ಲ, ಎರಡೋ ಮೂರೋ ಸೈಟು ಕಮ್ಮಿಯಾಗಬಹುದು. ಆದರೆ ಮಣ್ಣು ತುಂಬಿಸುವ ಖರ್ಚು ಬಹಳ ಇಳಿಯುತ್ತದೆ. ಲೆಕ್ಕ ಹಾಕಿಸಿ ನೋಡಿ, ಕೆಲವೊಮ್ಮೆ ಅದೇ ಲಾಭ.

ಇನ್ನು ಮೇಲ್ಮಣ್ಣು. ತಲೆತಲಾಂತರದಿಂದ ನಿಮ್ಮ ಹಿರಿಯರು ಗೊಬ್ಬರ ಹಾಕಿದ ಮಣ್ಣು ಅದು. ಆರು ಇಂಚು ಎಂದರೂ ಮೂರು ಎಕರೆಯಲ್ಲಿ 1,800 ಘನ ಮೀಟರ್, ಟಿಪ್ಪರ್ ಲೆಕ್ಕದಲ್ಲಿ ಮುನ್ನೂರು ಲೋಡು. ರೋಲರ್ ಅಡಿಗೆ ಹಾಕಿ ಅದನ್ನು ಸಾಯಿಸಬೇಡಿ. ಅದರ ಮೇಲೆ ರಸ್ತೆಯೂ ಗಟ್ಟಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕೆರೆದು ಒಂದು ಕಡೆ ಒಟ್ಟಿಸಿ, ಅಡಿಕೆ ತೋಟಕ್ಕೆ ಮಣ್ಣು ಏರಿಸುವವರಿಗೆ ಹೇಳಿ ಕಳಿಸಿ. ಅವರೇ ಟ್ರ್ಯಾಕ್ಟರ್ ತಂದು ಹೊತ್ತುಕೊಂಡು ಹೋಗುತ್ತಾರೆ. ನಿಮ್ಮನ್ನು ಬೈಯುವವರೂ ಬರುತ್ತಾರೆ ನೋಡಿ. ಪಾರ್ಕಿಗೆ ಬೇಕಾದಷ್ಟು ಮಾತ್ರ ನೀವು ಉಳಿಸಿಕೊಳ್ಳಿ.

ಗದ್ದೆ ಜಾಗವಾದ್ದರಿಂದ ಮಳೆಗಾಲದಲ್ಲಿ ಮೂರಡಿ ತೋಡಿದರೆ ನೀರು ಇರುತ್ತದೆ. ಹಾಗಾಗಿ ಇಂಗುಗುಂಡಿ ತೋಡಿಸಿ ದುಡ್ಡು ಕಳೆಯಬೇಡಿ, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗಾಗುತ್ತದೆ. ಅದೇ ಕಾರಣಕ್ಕೆ ಮನೆಗೊಂದು ಕಕ್ಕಸಿನ ಗುಂಡಿಯೂ ಬೇಡ. ಆ ನೀರು ಬಾವಿಗೆ ಸೇರುತ್ತದೆ. ಬಾವಿಯಿಂದ 60 ಅಡಿ ದೂರ ಇರಬೇಕು ಎನ್ನುವುದು ಒಂದು ಲೆಕ್ಕ, ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ 60 ಅಡಿ ಎಲ್ಲಿಂದ ತರುತ್ತೀರಿ? ಎಲ್ಲ ಮನೆಗಳಿಗೂ ಸೇರಿ ಒಂದು ಸಣ್ಣ ಸಂಸ್ಕರಣಾ ಘಟಕ ಮಾಡಿ, ಅದರ ಖರ್ಚನ್ನು ಸೈಟಿನ ರೇಟಿನಲ್ಲೇ ಸೇರಿಸಿ, ಸೇರಿಸಿದ್ದೇವೆ ಎಂದು ಬಾಯಿಬಿಟ್ಟು ಹೇಳಿ. ಮೊದಲ ಪತ್ರದ ಬೆಂಗಳೂರಿನವರಂಥವರು ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡುತ್ತಾರೆ.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ಯಾವ ಗಿಡ ಹಾಕೋಣ? ಸಂಘದಲ್ಲಿ ಲಾನ್ ಹಾಕಬೇಕು ಎನ್ನುವವರೇ ಜಾಸ್ತಿ.
— ನಿವಾಸಿಗಳ ಪರವಾಗಿ, ಶಿವಮೊಗ್ಗ

ಉತ್ತರ: ಲಾನಿಗೆ ಬೇಸಿಗೆಯಲ್ಲಿ ದಿನಾ ನೀರು ಯಾರು ಬಿಡುತ್ತಾರೆ ಎಂದು ಮುಂದಿನ ಮೀಟಿಂಗಿನಲ್ಲಿ ಕೇಳಿ, ಅರ್ಧ ಜನ ಸುಮ್ಮನಾಗುತ್ತಾರೆ. ಹೊಂಗೆ, ನೇರಳೆ, ರಂಜ, ಸುರಹೊನ್ನೆ, ಹೊನ್ನೆ ಹಾಕಿ. ನಮ್ಮ ಮಣ್ಣಿನವು, ಎರಡು ಬೇಸಿಗೆ ನೀರು ಕೊಟ್ಟರೆ ಆಮೇಲೆ ತಾವೇ ನೋಡಿಕೊಳ್ಳುತ್ತವೆ. ಅಕೇಶಿಯಾ ಬೇಡ, ಅದು ಈಗಾಗಲೇ ಗುಡ್ಡದಲ್ಲೆಲ್ಲ ಇದೆ. ಹಲಸು ಹಾಕಿ, ಆದರೆ ಕಾರು ನಿಲ್ಲಿಸುವ ಕಡೆ ಹಾಕಬೇಡಿ. ಹತ್ತು ವರ್ಷದ ನಂತರ ಯಾರದೋ ಗಾಜಿನ ಮೇಲೆ ಹಣ್ಣು ಬಿದ್ದಾಗ ಈ ಅಂಕಣವನ್ನು ಕತ್ತರಿಸಿ ಇಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ.